ಕರಾವಳಿಯ ಸೆಕೆಯಲ್ಲಿ ಗ್ಲೈಕಾಲಿಕ್ ಆ್ಯಸಿಡ್: ಹಚ್ಚುವ ಮೊದಲು, ಹಚ್ಚುವಾಗ, ಹಚ್ಚಿದ ಮೇಲೆ

ಕಲೆ, ಒರಟುತನ ಕಡಿಮೆ ಮಾಡಲು ಚರ್ಮಕ್ಕೆ ಹಚ್ಚುವ ಗ್ಲೈಕಾಲಿಕ್ ಆ್ಯಸಿಡ್ ಬಾಟಲಿ ತರುವ ಮೊದಲು ಎರಡು ವಾರ ಒಂದು ದಿನವೂ ತಪ್ಪಿಸದೆ ಸನ್‌ಸ್ಕ್ರೀನ್ ಹಚ್ಚಿ ನೋಡಿ. ಅದು ಆಗಲಿಲ್ಲ ಅಂದರೆ ಆ್ಯಸಿಡ್ ಬೇಡ. ಮಂಗಳೂರು, ಉಡುಪಿ ಕಡೆಯವರಿಗೆ ನಾನು ಹೇಳುವ ಮೊದಲ ಮಾತು ಇದೇ.

ಕಾರಣ ಸರಳ. ಈ ಆ್ಯಸಿಡ್ ಹಚ್ಚಿದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಈ ಬಗೆಯ ಆ್ಯಸಿಡ್ ಇರುವ ಕ್ರೀಮುಗಳ ಮೇಲೆ ಬಿಸಿಲಿನ ಎಚ್ಚರಿಕೆ ಹಾಕಿ ಅಂತ ಕಂಪನಿಗಳಿಗೆ ಹೇಳಿತು. ಹಚ್ಚುವಷ್ಟು ದಿನವೂ, ನಿಲ್ಲಿಸಿದ ಮೇಲೆ ಇನ್ನೊಂದು ವಾರವೂ ಬಿಸಿಲಿನಿಂದ ಚರ್ಮ ಕಾಪಾಡಿಕೊಳ್ಳಿ ಅನ್ನುವುದು ಆ ಎಚ್ಚರಿಕೆ. ನಾವಿರುವುದು ಸಮಭಾಜಕದಿಂದ ಬರೀ 13 ಡಿಗ್ರಿ ಉತ್ತರಕ್ಕೆ. ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ನಡುವೆ, ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗಸ್ಟ್‌ನಲ್ಲಿ ಮೋಡ ಇರುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ, ಅಷ್ಟೇ. ಮೋಡ ಬೆಳಕು ಕಡಿಮೆ ಮಾಡಿದಷ್ಟು ಅತಿನೇರಳೆ ಕಿರಣ ಕಡಿಮೆ ಮಾಡುವುದಿಲ್ಲ.

ಇನ್ನೊಂದು ವಿಷಯ ಉಂಟು. ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮಕ್ಕೆ ಉರಿ ಆದರೆ ಅದು ಕೆಂಪಾಗಿ ವಾಸಿಯಾಗುವುದಿಲ್ಲ, ಕಪ್ಪು ಕಲೆ ಬಿಟ್ಟುಹೋಗುತ್ತದೆ. ಕಲೆ ತೆಗೆಯಲು ಹಚ್ಚಿದ್ದೇ ಹೊಸ ಕಲೆ ತರಬಹುದು. ಹಾಗಾಗಿ ಕೆಳಗಿನ ಎಲ್ಲ ಹಂತಗಳಲ್ಲೂ ನಾನು ನಿಧಾನದ ಕಡೆಗೇ ವಾಲುತ್ತೇನೆ. ಬೇಗ ಬೇಕು ಅನ್ನುವವರಿಗೆ ಇದು ಸಪ್ಪೆ ಅನ್ನಿಸಬಹುದು.

ಮೊದಲ ಎರಡು ವಾರ: ಸನ್‌ಸ್ಕ್ರೀನ್ ಅಭ್ಯಾಸ

ನಮ್ಮಲ್ಲಿ ಸನ್‌ಸ್ಕ್ರೀನ್ ಬಿಟ್ಟುಬಿಡಲು ಎಲ್ಲರೂ ಕೊಡುವ ಕಾರಣ ಒಂದೇ. ಹಚ್ಚಿ ಹತ್ತು ನಿಮಿಷಕ್ಕೆ ಬೆವರಿನ ಜೊತೆ ಇಳಿದು ಕಣ್ಣು ಉರಿಯುತ್ತದೆ, ಮುಖ ಎಲ್ಲ ಜಿಡ್ಡು. ತಪ್ಪು ಅವರದಲ್ಲ, ಕ್ರೀಮಿನದು. ಒಣ ಹವೆಯ ಊರಿಗೆ ಸರಿಯಾಗುವ ದಪ್ಪ ಕ್ರೀಮ್ ಇಲ್ಲಿ ನಡೆಯುವುದಿಲ್ಲ. ಜೆಲ್ ಅಥವಾ ನೀರಿನ ಹಾಗೆ ತೆಳುವಾಗಿರುವುದು ತೆಗೆದುಕೊಳ್ಳಿ. ಲೇಬಲ್ ಮೇಲೆ ಎಸ್‌ಪಿಎಫ್ 30 ಅಥವಾ ಹೆಚ್ಚು, ಜೊತೆಗೆ ಯುವಿಎ ಕಿರಣ ತಡೆಯುವ ಗುರುತಾದ ಪಿಎ+++ ಇರಲಿ. ನೀರಿಗೆ, ಬೆವರಿಗೆ ತಡೆಯುತ್ತದೆ ಅಂತ ಬರೆದಿದ್ದರೆ ಒಳ್ಳೆಯದು. ಎಸ್‌ಪಿಎಫ್ 30 ಅಂದರೆ ಚರ್ಮ ಸುಡುವ ಯುವಿಬಿ ಕಿರಣದಲ್ಲಿ ಸುಮಾರು 97 ಶೇಕಡಾ ತಡೆಯುತ್ತದೆ, 50 ಆದರೆ 98. ಆದ್ದರಿಂದ ಸಂಖ್ಯೆಗೆ ದುಡ್ಡು ಸುರಿಯುವುದಕ್ಕಿಂತ ಸಾಕಷ್ಟು ಹಚ್ಚುವುದು ಮುಖ್ಯ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿದರೆ ಎಷ್ಟಾಗುತ್ತದೋ ಅಷ್ಟು, ಮುಖಕ್ಕೂ ಕುತ್ತಿಗೆಗೂ ಸೇರಿ. ಈ ಅಳತೆ ನೋಡಿ ಹೆಚ್ಚಿನವರು ಹೌಹಾರುತ್ತಾರೆ. ಕಡಲೆಕಾಳಿನಷ್ಟು ಹಚ್ಚಿದರೆ ಬಾಟಲಿ ಮೇಲೆ ಬರೆದ ಎಸ್‌ಪಿಎಫ್ ನಿಮಗೆ ಸಿಗುವುದಿಲ್ಲ.

ಹೊರಗೆ ಇರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಮಲ್ಪೆ ಬಂದರಿನಲ್ಲಿ ಕೆಲಸ ಮಾಡುವವರಿಗೆ, ದಿನವಿಡೀ ಸ್ಕೂಟರಿನಲ್ಲಿ ಡೆಲಿವರಿ ಕೊಡುವವರಿಗೆ ಇದು ಆಗುವ ಮಾತಲ್ಲ ಅಂತ ನನಗೂ ಗೊತ್ತು. ಅಂಥವರು ಮುಖಕ್ಕೆ ಗ್ಲೈಕಾಲಿಕ್ ಹಚ್ಚುವ ಯೋಚನೆ ಬಿಟ್ಟು, ಟೊಪ್ಪಿ, ತುಂಬು ತೋಳಿನ ಬಟ್ಟೆ, ಒಳ್ಳೆಯ ಮಾಯಿಶ್ಚರೈಸರ್ ಇಷ್ಟರಲ್ಲೇ ಇದ್ದರೆ ಅವರ ಚರ್ಮಕ್ಕೆ ಹೆಚ್ಚು ಲಾಭ. ಸಮುದ್ರದ ನೀರು, ಮರಳು ಕೂಡ ಬಿಸಿಲನ್ನು ವಾಪಸ್ ಮುಖಕ್ಕೆ ಎರಚುತ್ತವೆ. ಪಣಂಬೂರಿನಲ್ಲೋ ತಣ್ಣೀರುಬಾವಿಯಲ್ಲೋ ಕೊಡೆ ಹಿಡಿದು ಕೂತರೂ ಮುಖ ಕಪ್ಪಾಗುವುದು ಅದಕ್ಕೇ.

ಬಂಗು ಇರುವವರಿಗೆ ಒಂದು ಮಾತು. ಬಂಗನ್ನು ಕಣ್ಣಿಗೆ ಕಾಣುವ ಬೆಳಕೂ ಕೆರಳಿಸುತ್ತದೆ. ಅದನ್ನು ತಡೆಯಲು ಐರನ್ ಆಕ್ಸೈಡ್ ಇರುವ, ಅಂದರೆ ಸ್ವಲ್ಪ ಚರ್ಮದ ಬಣ್ಣವೇ ಇರುವ ಟಿಂಟೆಡ್ ಸನ್‌ಸ್ಕ್ರೀನ್ ಬೇಕು. ಬಿಳಿ ಜೆಲ್ ಸಾಲದು.

ಬಾಟಲಿಯೊಳಗೆ ಇರುವುದು ಏನು

ಕಬ್ಬಿನಲ್ಲಿ ಗ್ಲೈಕಾಲಿಕ್ ಆ್ಯಸಿಡ್ ಇದೆ, ನಿಜ. ಡಬ್ಬಿಯ ಮೇಲೆ ಕಬ್ಬಿನ ಚಿತ್ರ ಹಾಕುವುದು ಅದಕ್ಕೆ. ಆದರೆ ಬಾಟಲಿಗೆ ಬರುವುದು ಹೆಚ್ಚಾಗಿ ಕಾರ್ಖಾನೆಯಲ್ಲಿ ತಯಾರಾದದ್ದು. ಅದರಿಂದ ನಷ್ಟ ಏನಿಲ್ಲ, ಅಣು ಒಂದೇ. ಕಬ್ಬಿನ ಹಾಲು ಮುಖಕ್ಕೆ ಹಚ್ಚಿದರೆ ಇರುವೆ ಬರುತ್ತದೆಯೇ ಹೊರತು ಕಲೆ ಹೋಗುವುದಿಲ್ಲ.

ಮೊಸರಿನ ಲ್ಯಾಕ್ಟಿಕ್, ಸೇಬಿನ ಮ್ಯಾಲಿಕ್, ಹುಣಸೆಯ ಟಾರ್ಟಾರಿಕ್, ಕಹಿಬಾದಾಮಿಯ ಮ್ಯಾಂಡೆಲಿಕ್ ಇವೆಲ್ಲ ಗ್ಲೈಕಾಲಿಕ್‌ನ ನೆಂಟರು. ಎಎಚ್‌ಎ ಅಂತ ಲೇಬಲ್ ಮೇಲೆ ಕಾಣುವುದು ಈ ಕುಟುಂಬದ ಹೆಸರು. ಇವುಗಳಲ್ಲಿ ಗ್ಲೈಕಾಲಿಕ್ ಎಲ್ಲಕ್ಕಿಂತ ಚಿಕ್ಕದು. ಅದರ ಅಣುತೂಕ 76, ಲ್ಯಾಕ್ಟಿಕ್‌ನದು 90, ಮ್ಯಾಂಡೆಲಿಕ್‌ನದು 152. ಚಿಕ್ಕದಾದ್ದರಿಂದ ಬೇಗ ಚರ್ಮದೊಳಗೆ ಇಳಿಯುತ್ತದೆ. ಕೆಲಸವೂ ಜೋರು, ಉರಿಯೂ ಜಾಸ್ತಿ.

ಚರ್ಮದ ಮೇಲ್ಪದರದಲ್ಲಿ ಸತ್ತ ಕೋಶಗಳು ಮನೆಯ ಹೆಂಚಿನ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಒಂದಕ್ಕೊಂದು ಹಿಡಿದುಕೊಂಡಿರುವ ಅವುಗಳ ಬಿಗಿಯನ್ನು ಈ ಆ್ಯಸಿಡ್ ಸಡಿಲ ಮಾಡುತ್ತದೆ. ಉದುರಬೇಕಾದದ್ದು ಉದುರುತ್ತದೆ, ಅಡಿಯಲ್ಲಿದ್ದ ನಯವಾದ ಪದರ ಮೇಲೆ ಕಾಣುತ್ತದೆ. ಉಜ್ಜುವುದು, ತಿಕ್ಕುವುದು ಯಾವುದೂ ಬೇಡ. ಯೂಜೀನ್ ವ್ಯಾನ್ ಸ್ಕಾಟ್ ಮತ್ತು ರೂಯಿ ಯು ಅನ್ನುವ ಇಬ್ಬರು ಅಮೆರಿಕದಲ್ಲಿ 1974ರಲ್ಲಿ ಇದನ್ನು ಬರೆದು ತೋರಿಸಿದಾಗ ಅವರ ಗಮನ ಇದ್ದದ್ದು ಅಂದಚೆಂದದ ಮೇಲೆ ಅಲ್ಲ. ಚರ್ಮ ಒಣಗಿ ದಪ್ಪ ಹಕ್ಕಳೆಯಾಗಿ ಏಳುವ ಇಕ್ತಿಯೋಸಿಸ್ ಅನ್ನುವ ಕಾಯಿಲೆಯ ಮೇಲೆ. ಪಾರ್ಲರಿಗೆ ಬಂದದ್ದು ಆಮೇಲೆ. ಇದೇ ಗ್ಲೈಕಾಲಿಕ್ ಆ್ಯಸಿಡ್ಡಿನ ಅಣುಗಳನ್ನು ಸರಪಳಿಯಾಗಿ ಜೋಡಿಸಿ, ಆಪರೇಷನ್ ಆದ ಮೇಲೆ ತಾನಾಗಿ ಕರಗುವ ಹೊಲಿಗೆ ದಾರವನ್ನೂ ಮಾಡುತ್ತಾರೆ.

ಇದರಿಂದ ಏನಾಗುತ್ತದೆ? ಒರಟು ಚರ್ಮ ನಯವಾಗುತ್ತದೆ. ಕಳೆಗುಂದಿದ ಮುಖಕ್ಕೆ ಹೊಳಪು ಬರುತ್ತದೆ. ಮೊಡವೆ ಹೋದ ಮೇಲೆ ಉಳಿದ ಚಪ್ಪಟೆ ಕಲೆ, ಬಿಸಿಲಿನ ಟ್ಯಾನ್ ನಿಧಾನವಾಗಿ ತಿಳಿಯಾಗುತ್ತವೆ. ಸಣ್ಣ ಸುಕ್ಕು ಸ್ವಲ್ಪ ಮಾಸುತ್ತದೆ. ಬಂಗಿಗೆ ಬೇರೆ ಔಷಧದ ಜೊತೆ ಸಹಾಯ ಮಾಡುತ್ತದೆ, ಒಂದೇ ಕೈಯಲ್ಲಿ ಓಡಿಸುವುದಿಲ್ಲ. ಮೊಡವೆಯ ಆಳವಾದ ಹೊಂಡ ಇದರಿಂದ ತುಂಬುವುದಿಲ್ಲ. ಹುಟ್ಟಿದ ಬಣ್ಣವೂ ಬದಲಾಗುವುದಿಲ್ಲ, ಬದಲಾಗಬೇಕಾಗಿಯೂ ಇಲ್ಲ.

ಕುತ್ತಿಗೆಯ ಹಿಂಭಾಗ, ಕಂಕುಳು ಕಪ್ಪಾಗಿ ದಪ್ಪವಾಗಿ ಮಖಮಲ್ಲಿನ ಹಾಗೆ ಆಗಿದ್ದರೆ ಅದು ಕೊಳೆಯೂ ಅಲ್ಲ, ಟ್ಯಾನೂ ಅಲ್ಲ. ಬಹಳ ಸಲ ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಸೂಚನೆ. ಉಜ್ಜಿ ಉಜ್ಜಿ ಗಾಯ ಮಾಡಿಕೊಂಡವರು ತುಂಬ ಜನ. ಮೊದಲು ಶುಗರ್ ಪರೀಕ್ಷೆ ಮಾಡಿಸಿ, ಕ್ರೀಮ್ ಆಮೇಲೆ.

ಯಾರು ಈಗಲೇ ಶುರು ಮಾಡಬಾರದು

ಇಸುಬು ಇರುವವರು, ಮುಖ ಸುಟ್ಟಂತೆ ಕೆಂಪಾಗಿರುವವರು, ತುಟಿಯ ಸುತ್ತ ಹರ್ಪಿಸ್ ಗುಳ್ಳೆ ಎದ್ದಿರುವವರು, ಗಾಯ ಮಾಗದೆ ಇರುವವರು ಕಾಯಬೇಕು. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವವರು ಮಾತ್ರೆ ಕೊಟ್ಟ ಡಾಕ್ಟರನ್ನೇ ಕೇಳಬೇಕು. ಬಸುರಿ, ಬಾಣಂತಿಯರಿಗೆ ಕಡಿಮೆ ಪ್ರಮಾಣದ ಗ್ಲೈಕಾಲಿಕ್ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ ಅನ್ನುತ್ತಾರೆ, ಆದರೂ ತೋರಿಸುತ್ತಿರುವ ಡಾಕ್ಟರಿಗೆ ಒಂದು ಮಾತು ಹೇಳಿಯೇ ಹಚ್ಚಿ.

ನಮ್ಮೂರಲ್ಲಿ ಸೆಕೆಗೆ, ಮಳೆಗೆ ಗಜಕರ್ಣ ಬಾರದ ಮನೆ ಕಡಿಮೆ. ಉಂಗುರದ ಹಾಗೆ ಅಂಚು ಎದ್ದು ತುರಿಸುವ ಕಲೆ ಇದ್ದರೆ, ಎದೆ ಬೆನ್ನಿನ ಮೇಲೆ ತೆಳು ಬಿಳಿ ಚಿಬ್ಬು ಇದ್ದರೆ ಅದು ಫಂಗಸ್. ಅದಕ್ಕೆ ಬೇಕಾದದ್ದು ಫಂಗಸ್ಸಿನ ಔಷಧ. ಆ್ಯಸಿಡ್ ಹಚ್ಚಿದರೆ ಸಿಗುವುದು ಉರಿ ಮಾತ್ರ.

ಎಲ್ಲಕ್ಕಿಂತ ಮುಖ್ಯವಾಗಿ, ಯಾರೋ ಹೇಳಿದರು ಅಂತ ಸ್ಟೀರಾಯ್ಡ್ ಇರುವ ಕ್ರೀಮನ್ನು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿಕೊಂಡು ಬಂದವರು. ಟ್ಯೂಬಿನ ಮೇಲೆ ಬೀಟಾಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್ ಅಂತ ಇದೆಯಾ ನೋಡಿ. ಮೊದಮೊದಲು ಮುಖ ಬೆಳ್ಳಗೆ ನಯವಾಗುತ್ತದೆ, ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ರೋಮ ಹೆಚ್ಚಾಗಿ, ಮೊಡವೆ ಎದ್ದು ಫಜೀತಿ. ಇಂಥ ಕ್ರೀಮುಗಳು ಚೀಟಿ ಇಲ್ಲದೆ ಸಿಗಬಾರದು ಅಂತ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಿದೆ, ಆದರೂ ಮನೆಮನೆಯ ಕಪಾಟಿನಲ್ಲಿ ಅರ್ಧ ಮುಗಿದ ಟ್ಯೂಬ್ ಇದ್ದೇ ಇದೆ. ಅಂಥ ಚರ್ಮದ ಮೇಲೆ ಗ್ಲೈಕಾಲಿಕ್ ಬಿದ್ದರೆ ಬೆಂಕಿಯೇ. ಆ ಕ್ರೀಮನ್ನೂ ಒಮ್ಮೆಗೇ ನಿಲ್ಲಿಸಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ ಹಂತಹಂತವಾಗಿ ಬಿಡಿ.

ಯಾವುದನ್ನು ಕೊಳ್ಳುವುದು

ಎರಡು ಸಂಖ್ಯೆ ನೋಡಿ. ಮೊದಲನೆಯದು ಶೇಕಡಾ. ಮನೆಯಲ್ಲಿ ಹಚ್ಚುವ ಉತ್ಪನ್ನಕ್ಕೆ 10 ಶೇಕಡಾ ಮೀರಬಾರದು, ಪಿಎಚ್ (ಹುಳಿಯ ಅಳತೆ, ಸಂಖ್ಯೆ ಕಡಿಮೆಯಾದಷ್ಟು ಹುಳಿ ಹೆಚ್ಚು) 3.5ಕ್ಕಿಂತ ಕೆಳಗಿರಬಾರದು ಅಂತ ಅಮೆರಿಕದ ಪ್ರಸಾಧನ ವಸ್ತುಗಳ ಪರಿಶೀಲನಾ ತಜ್ಞರು 1990ರ ದಶಕದಲ್ಲೇ ಹೇಳಿದ್ದಾರೆ. ಎರಡನೆಯದು ಅದೇ ಪಿಎಚ್. ಶೇಕಡಾ ಒಂದೇ ನೋಡಿದರೆ ಮೋಸ ಹೋಗುತ್ತೀರಿ. ಪಿಎಚ್ ಕಡಿಮೆ ಇದ್ದಷ್ಟು ಆ್ಯಸಿಡ್ ಹೆಚ್ಚು ಬಿಡಿಯಾಗಿರುತ್ತದೆ, ಅಂದರೆ ಕೆಲಸ ಮಾಡುವ ಸ್ಥಿತಿಯಲ್ಲಿರುತ್ತದೆ. ಪಿಎಚ್ 3.5 ಇದ್ದರೆ ಮೂರರಲ್ಲಿ ಎರಡು ಪಾಲು, 3.8 ಇದ್ದರೆ ಅರ್ಧ, 4.4 ಇದ್ದರೆ ಐದರಲ್ಲಿ ಒಂದು ಪಾಲು ಮಾತ್ರ. ಪಿಎಚ್ 3.5ರ 6 ಶೇಕಡಾ ಕ್ರೀಮ್, ಪಿಎಚ್ 4.4ರ 10 ಶೇಕಡಾ ಸೀರಮ್ಮಿಗಿಂತ ಜೋರಾಗಿ ಕೆಲಸ ಮಾಡಬಹುದು. ಲೇಬಲ್ ಮೇಲೆ ಪಿಎಚ್ ಬರೆಯದ ಕಂಪನಿಗಳೂ ಇವೆ. ನನ್ನ ಮಟ್ಟಿಗೆ ಅಂಥದ್ದನ್ನು ಬಿಟ್ಟು ಬರೆದಿರುವುದನ್ನು ಕೊಳ್ಳುವುದು ಜಾಣತನ.

ನಮ್ಮ ಮೆಡಿಕಲ್ ಶಾಪುಗಳಲ್ಲಿ ಸಾಮಾನ್ಯವಾಗಿ ಸಿಗುವುದು 6 ಮತ್ತು 12 ಶೇಕಡಾ ಕ್ರೀಮ್. ಹೊಸಬರು 6ರಿಂದ ಶುರು ಮಾಡಿ. 12 ಡಾಕ್ಟರ್ ಬರೆದುಕೊಟ್ಟರೆ ಮಾತ್ರ. ಎಣ್ಣೆಚರ್ಮದವರಿಗೆ ನೀರಿನಂಥ ಟೋನರ್ ಅಥವಾ ಸೀರಮ್ ಹಿತ, ಒಣಚರ್ಮದವರಿಗೆ ಕ್ರೀಮ್. ತೊಳೆದುಹೋಗುವ ಗ್ಲೈಕಾಲಿಕ್ ಫೇಸ್‌ವಾಶ್ ಇನ್ನೂ ಸೌಮ್ಯ. ಕೆಲಸ ಕಡಿಮೆ, ಅಪಾಯವೂ ಕಡಿಮೆ. ಬಹಳ ಸೂಕ್ಷ್ಮ ಚರ್ಮದವರು ಗ್ಲೈಕಾಲಿಕ್ ಬಿಟ್ಟು ಮ್ಯಾಂಡೆಲಿಕ್ ಅಥವಾ ಲ್ಯಾಕ್ಟಿಕ್ ಕಡೆ ಹೋಗಬಹುದು. ಬರೀ ಬ್ಲ್ಯಾಕ್‌ಹೆಡ್, ಮೊಡವೆಯೇ ತೊಂದರೆ ಅನ್ನುವವರಿಗೆ ಸ್ಯಾಲಿಸಿಲಿಕ್ ಆ್ಯಸಿಡ್ ಹೆಚ್ಚು ಸರಿ. ಅದು ಎಣ್ಣೆಯಲ್ಲಿ ಕರಗಿ ರಂಧ್ರದೊಳಗೆ ಇಳಿಯುತ್ತದೆ, ಗ್ಲೈಕಾಲಿಕ್ ಅಷ್ಟು ಇಳಿಯುವುದಿಲ್ಲ.

30, 50, 70 ಶೇಕಡಾ ಅಂತ ಆನ್‌ಲೈನಿನಲ್ಲಿ ಸಣ್ಣ ಬಾಟಲಿ ಬರುತ್ತದೆ, ರೇಟೂ ಕಡಿಮೆ. ಮುಟ್ಟಬೇಡಿ ಮಾರಾಯ್ರೇ. ಅದು ಡಾಕ್ಟರ್ ಕೈಯಲ್ಲಿ ನಿಮಿಷ ಲೆಕ್ಕ ಹಾಕಿ ತೊಳೆಯುವ ವಸ್ತು. ಡಾಕ್ಟರ್ ಇಲ್ಲದೆ ಮನೆಯಲ್ಲಿ ಇಂಥ ಪೀಲ್ (ಚರ್ಮದ ಮೇಲ್ಪದರ ಸುಲಿಯುವ ಜೋರಾದ ಆ್ಯಸಿಡ್) ಹಚ್ಚಿದರೆ ಸುಟ್ಟ ಗಾಯ, ಕಲೆ ಆಗುತ್ತದೆ ಅಂತ ಎಫ್‌ಡಿಎ 2024ರಲ್ಲಿ ಮತ್ತೆ ಎಚ್ಚರಿಸಿದೆ.

ಪ್ಯಾಚ್ ಟೆಸ್ಟ್

ಕಿವಿಯ ಹಿಂದೆ ಅಥವಾ ದವಡೆಯ ಅಂಚಿನಲ್ಲಿ ರಾತ್ರಿ ಒಂದು ತೊಟ್ಟು ಹಚ್ಚಿ ಬಿಡಿ. ಮೂರು ದಿನ ಅದೇ ಜಾಗದಲ್ಲಿ. ಕೆಂಪು, ಊತ, ಗುಳ್ಳೆ ಇಲ್ಲದಿದ್ದರೆ ಮುಂದುವರಿಯಿರಿ. ಇದನ್ನು ಯಾರೂ ಮಾಡುವುದಿಲ್ಲ. ಆದರೂ ಬರೆದಿದ್ದೇನೆ.

ಮೊದಲ ರಾತ್ರಿ

ಹಗಲು ಹಚ್ಚಬೇಡಿ. ರಾತ್ರಿ ಊಟ ಎಲ್ಲ ಮುಗಿದ ಮೇಲೆ, ಇನ್ನು ಬೆವರುವ ಕೆಲಸ ಇಲ್ಲ ಅನ್ನುವಾಗ ಹಚ್ಚಿ. ಮಂಗಳೂರಿನ ಏಪ್ರಿಲ್ ರಾತ್ರಿಯಲ್ಲಿ ಅಂಥ ಹೊತ್ತು ಇಲ್ಲವೇ ಇಲ್ಲ ಅನ್ನಬಹುದು. ಫ್ಯಾನ್ ಅಡಿ ಕೂತು ಮುಖ ತಣ್ಣಗಾದ ಮೇಲೆ ಅಂತ ಇಟ್ಟುಕೊಳ್ಳಿ. ಬೆವರು ಇರುವಾಗ ಹಚ್ಚಿದರೆ ಆ್ಯಸಿಡ್ ಹರಿದು ಕಣ್ಣು, ಮೂಗಿನ ಮೂಲೆಗೆ ಹೋಗಿ ಕೂರುತ್ತದೆ.

ಸೌಮ್ಯವಾದ ಫೇಸ್‌ವಾಶಿನಿಂದ ಮುಖ ತೊಳೆದು, ಮೆತ್ತಗಿನ ಬಟ್ಟೆಯಿಂದ ಒತ್ತಿ ಒರೆಸಿ. ಪೂರ್ತಿ ಒಣಗಲು ಹತ್ತು ನಿಮಿಷ ಬಿಡಿ. ಒದ್ದೆ ಚರ್ಮದಲ್ಲಿ ಆ್ಯಸಿಡ್ ಬೇಗ ಇಳಿಯುತ್ತದೆ, ಉರಿಯೂ ಹೆಚ್ಚು. ಸ್ಕ್ರಬ್ ಬೇಡ, ಕಡಲೆಹಿಟ್ಟು ತಿಕ್ಕುವುದೂ ಬೇಡ. ಕಣ್ಣಿನ ಸುತ್ತ, ಮೂಗಿನ ಎರಡು ಮೂಲೆ, ತುಟಿಯ ಅಂಚು ಇಲ್ಲೆಲ್ಲ ಮೊದಲೇ ತೆಳುವಾಗಿ ವ್ಯಾಸಲಿನ್ ಸವರಿ. ಕ್ರೀಮಾದರೆ ಕಡಲೆಕಾಳಿನಷ್ಟು ಇಡೀ ಮುಖಕ್ಕೆ ಸಾಕು. ಟೋನರ್ ಆದರೆ ಹತ್ತಿಗೆ ಹಾಕದೆ ನಾಲ್ಕು ಹನಿ ಅಂಗೈಗೆ ಹಾಕಿ ಒತ್ತಿದರೆ ಸಾಕು. ಹತ್ತಿ ಅರ್ಧ ಕುಡಿಯುತ್ತದೆ, ಸುಮ್ನೆ ತಿಕ್ಕಿದ ಹಾಗೂ ಆಗುತ್ತದೆ.

ಐದು ನಿಮಿಷ ಚುರುಚುರು ಅನ್ನಬಹುದು, ಅದು ಸಹಜ. ಉರಿ ಏರುತ್ತಾ ಹೋದರೆ, ಮುಖ ಬಿಸಿಯಾದರೆ, ಯಾವುದಾದರೂ ಜಾಗ ಬೆಳ್ಳಗೆ ಬೂದಿ ಹಿಡಿದಂತೆ ಕಂಡರೆ ತಡ ಮಾಡದೆ ತಣ್ಣೀರಿನಿಂದ ತೊಳೆಯಿರಿ. ಉರಿದರೆ ಕೆಲಸ ಮಾಡುತ್ತಿದೆ ಅನ್ನುವ ನಂಬಿಕೆ ಒಂದುಂಟು. ಅದು ತಪ್ಪು. ತಾಳಿಕೊಂಡವರಿಗೆ ಸಿಗುವುದು ಕಪ್ಪು ಕಲೆ.

ಹತ್ತು ಹದಿನೈದು ನಿಮಿಷ ಬಿಟ್ಟು ಮಾಯಿಶ್ಚರೈಸರ್ ಹಚ್ಚಿ. ಸೆರಮೈಡ್, ಗ್ಲಿಸರಿನ್ ಇರುವ ಸಾಧಾರಣ ಲೋಷನ್ ಸಾಕು. ಮುಖಕ್ಕೆ ತೆಂಗಿನೆಣ್ಣೆ ಹಚ್ಚುವ ಅಭ್ಯಾಸ ನಮ್ಮಲ್ಲಿ ಹಳೆಯದು. ಮೊಡವೆ ಏಳುವ ಮುಖಕ್ಕೆ ಅದು ಬೇಡ, ರಂಧ್ರ ಮುಚ್ಚುತ್ತದೆ. ಕೈಕಾಲಿಗೆ ಧಾರಾಳವಾಗಿ ಹಚ್ಚಬಹುದು.

ಯಕ್ಷಗಾನದಲ್ಲಿ ವೇಷ ಹಾಕುವವರು, ನಾಟಕದವರು ಬಣ್ಣ ಹಚ್ಚಿ ತೆಗೆದ ರಾತ್ರಿ ಇದನ್ನು ಹಚ್ಚಬಾರದು. ಎಣ್ಣೆ ಹಾಕಿ ತಿಕ್ಕಿ ಬಣ್ಣ ತೆಗೆದ ಮುಖ ಆಗಲೇ ದಣಿದಿರುತ್ತದೆ. ಆಟದ ತಿರುಗಾಟ ನವೆಂಬರಿನಿಂದ ಮೇ ತನಕ. ಅವರಿಗೆ ಮಳೆಗಾಲದ ಬಿಡುವೇ ಸರಿಯಾದ ಕಾಲ.

ಮೊದಲ ಮೂರು ತಿಂಗಳು

ಮೊದಲ ಎರಡು ವಾರ ವಾರಕ್ಕೊಂದು ರಾತ್ರಿ. ಆಮೇಲೆ ಎರಡು. ತಿಂಗಳು ಕಳೆದ ಮೇಲೂ ಏನೂ ತೊಂದರೆ ಇಲ್ಲದಿದ್ದರೆ ಮೂರು. ಅಲ್ಲಿಗೆ ನಿಲ್ಲಿಸಿ. ದಿನಾ ಹಚ್ಚಬಹುದು ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ, ಆದರೆ ಆ ಸೂಚನೆ ಬರೆದವರು ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಮೇ ತಿಂಗಳ ಮಧ್ಯಾಹ್ನ ನಿಂತವರಲ್ಲ. ವಾರಕ್ಕೆ ಎರಡು ಮೂರು ರಾತ್ರಿಯಲ್ಲೇ ಹೆಚ್ಚಿನ ಲಾಭ ಸಿಗುತ್ತದೆ.

ಚರ್ಮದ ಮೇಲ್ಪದರ ಹೊಸದಾಗಲು ಸುಮಾರು 28 ದಿನ ಬೇಕು, ವಯಸ್ಸಾದಂತೆ ಇನ್ನೂ ಜಾಸ್ತಿ. ನಯ ಬಂದದ್ದು ನಾಲ್ಕು ವಾರಕ್ಕೆ ಕೈಗೆ ಗೊತ್ತಾಗುತ್ತದೆ. ಕಲೆ ತಿಳಿಯಾಗಲು ಎರಡರಿಂದ ಮೂರು ತಿಂಗಳು. ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ತಿಂಗಳಿಗೊಂದು ಫೋಟೋ ತೆಗೆದಿಡಿ. ದಿನಾ ಕನ್ನಡಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮೂರು ತಿಂಗಳಿಗೂ ವ್ಯತ್ಯಾಸ ಇಲ್ಲ ಅಂದರೆ ಇನ್ನೂ ಜೋರಾದ ಬಾಟಲಿ ತರಬೇಡಿ. ಕಲೆಯ ಕಾರಣವೇ ಬೇರೆ ಇರಬಹುದು, ಡಾಕ್ಟರಿಗೆ ತೋರಿಸಿ. ಮಂಗಳೂರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆಯಲ್ಲಿ, ಕಂಕನಾಡಿ, ದೇರಳಕಟ್ಟೆ, ಮಣಿಪಾಲದ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮದ ವಿಭಾಗ ಇದೆ. ಈ ವಿಷಯದಲ್ಲಿ ನಮ್ಮ ಎರಡು ಜಿಲ್ಲೆಗಳು ಪುಣ್ಯ ಮಾಡಿವೆ.

ಶುರು ಮಾಡಲು ಒಳ್ಳೆಯ ಕಾಲ ಜೂನ್, ಜುಲೈ. ಮಳೆ ಜೋರಾದ ಮೇಲೆ, ಅದರಲ್ಲೂ ಜುಲೈ ನಡುವೆ ಶುರುವಾಗುವ ತುಳುವರ ಆಟಿ ತಿಂಗಳಲ್ಲಿ, ಹೊರಗೆ ಓಡಾಟ ಕಡಿಮೆ, ಮದುವೆ ಇಲ್ಲ, ಬೆವರೂ ಕಡಿಮೆ. ಸನ್‌ಸ್ಕ್ರೀನ್ ಮಾತ್ರ ಆಗಲೂ ಬೇಕು. ಮಾರ್ಚ್‌ನಿಂದ ಮೇ ತನಕ ಹೊಸದಾಗಿ ಶುರು ಮಾಡುವುದು ಬೇಡ. ಆಗಲೇ ಅಭ್ಯಾಸ ಇರುವವರು ವಾರಕ್ಕೊಂದಕ್ಕೆ ಇಳಿಸಿ. ಬೆವರುಸಾಲೆ ಎದ್ದಿದ್ದರೆ ಅದು ಹೋಗುವ ತನಕ ಪೂರ್ತಿ ಬಂದ್.

ಜೊತೆಗೆ ಏನು ಹಚ್ಚಬಾರದು

ಮೊಡವೆ, ಸುಕ್ಕಿನ ಕ್ರೀಮುಗಳಲ್ಲಿರುವ ರೆಟಿನಾಲ್, ಟ್ರೆಟಿನಾಯಿನ್, ಅಡಾಪಲೀನ್ ಹಚ್ಚುವ ರಾತ್ರಿ ಗ್ಲೈಕಾಲಿಕ್ ಬೇಡ, ಒಂದು ದಿನ ಅದು, ಇನ್ನೊಂದು ದಿನ ಇದು. ಬೆಂಜಾಯಿಲ್ ಪೆರಾಕ್ಸೈಡಿಗೂ ಅದೇ ಲೆಕ್ಕ. ನಯಾಸಿನಮೈಡ್, ಹಯಲುರಾನಿಕ್ ಆ್ಯಸಿಡ್ ಜೊತೆಗೆ ತೊಂದರೆ ಇಲ್ಲ.

ಐಬ್ರೋ ಥ್ರೆಡ್ಡಿಂಗ್, ಅಪ್ಪರ್‌ಲಿಪ್, ವ್ಯಾಕ್ಸಿಂಗ್, ಬ್ಲೀಚ್, ಶೇವಿಂಗ್ ಇವುಗಳ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ವ್ಯಾಕ್ಸಿಂಗಿಗೆ ನಾಲ್ಕೈದು ದಿನ ಮೊದಲೇ ನಿಲ್ಲಿಸಿ, ಮುಗಿದ ಮೇಲೂ ಅಷ್ಟೇ ದಿನ ಬಿಡಿ. ಇಲ್ಲದಿದ್ದರೆ ವ್ಯಾಕ್ಸಿನ ಜೊತೆ ಚರ್ಮವೂ ಏಳಬಹುದು. ಪಾರ್ಲರಿನ ಅಕ್ಕನಿಗೆ ನೀವಾಗಿಯೇ ಹೇಳಿ, ಅವರು ಕೇಳಲಿ ಅಂತ ಕಾಯಬೇಡಿ.

ಇನ್ನು ಲಿಂಬೆ. ಮನೆಮದ್ದು ಅಂದರೆ ಸೌಮ್ಯ, ಆ್ಯಸಿಡ್ ಅಂದರೆ ಭಯ ಅನ್ನುವ ಲೆಕ್ಕ ಇಲ್ಲಿ ತಲೆಕೆಳಗು. ಲಿಂಬೆರಸದ ಪಿಎಚ್ ಸುಮಾರು 2. ಅಂಗಡಿಯ ಗ್ಲೈಕಾಲಿಕ್‌ಗಿಂತ ಎಷ್ಟೋ ಹುಳಿ. ಸಾಲದ್ದಕ್ಕೆ ಲಿಂಬೆಯಲ್ಲಿರುವ ಕೆಲವು ಅಂಶಗಳು ಬಿಸಿಲು ಬಿದ್ದಾಗ ಚರ್ಮವನ್ನು ಸುಟ್ಟು ಗುಳ್ಳೆ ಎಬ್ಬಿಸುತ್ತವೆ, ತಿಂಗಳುಗಟ್ಟಲೆ ಉಳಿಯುವ ಕಂದು ಕಲೆ ಬಿಡುತ್ತವೆ. ಲಿಂಬೆ, ಬಿಂಬುಳಿ, ಪುನರ್ಪುಳಿ ಎಲ್ಲ ಅಡುಗೆಮನೆಯಲ್ಲೇ ಇರಲಿ.

ಮುಖ ಬಿಟ್ಟು ಉಳಿದ ಕಡೆ

ನಿಜ ಹೇಳಬೇಕೆಂದರೆ ಈ ಆ್ಯಸಿಡ್ ತನ್ನ ಬೆಲೆ ತೀರಿಸುವುದು ಮೈಗೆ ಹಚ್ಚಿದಾಗ. ಮೊಣಕೈ, ಮೊಣಕಾಲು ಕಪ್ಪು ಕಟ್ಟಿ ಒರಟಾಗಿದ್ದರೆ ವಾರಕ್ಕೆ ಮೂರು ರಾತ್ರಿ ಹಚ್ಚಿ. ತೋಳಿನ ಹಿಂಭಾಗ, ತೊಡೆಯ ಮೇಲೆ ಸಣ್ಣ ಸಣ್ಣ ಒರಟು ಗುಳ್ಳೆ, ಕೈಯಾಡಿಸಿದರೆ ತರಿತರಿ ಅನ್ನುವುದು ಬಹಳ ಜನರಿಗೆ ಇದೆ. ಕೆರಟೋಸಿಸ್ ಪಿಲಾರಿಸ್ ಅಂತ ಅದರ ಹೆಸರು. ಕಾಯಿಲೆ ಅಲ್ಲ, ಪೂರ್ತಿ ಹೋಗುವುದೂ ಇಲ್ಲ, ಆದರೆ ಗ್ಲೈಕಾಲಿಕ್ ಹಚ್ಚುವಷ್ಟು ದಿನ ನಯವಾಗಿರುತ್ತದೆ. ಶೇವ್ ಮಾಡಿದ ಜಾಗದಲ್ಲಿ ಕೂದಲು ಒಳಗೇ ಸುರುಳಿಯಾಗಿ ಗುಳ್ಳೆ ಏಳುವವರಿಗೂ ಇದು ಸಹಾಯ ಮಾಡುತ್ತದೆ. ಶೇವ್ ಮಾಡಿದ ದಿನ ಮಾತ್ರ ಬೇಡ.

ಹಿಮ್ಮಡಿಗೆ ಯೂರಿಯಾ ಇರುವ ಕ್ರೀಮಿನ ಜೊತೆ ಹಚ್ಚಿ ಸಾಕ್ಸ್ ಹಾಕಿ ಮಲಗಿದರೆ ದಪ್ಪ ಚರ್ಮ ಮೆತ್ತಗಾಗುತ್ತದೆ. ಬಿರುಕು ಆಳವಾಗಿ ರಕ್ತ ಬರುತ್ತಿದ್ದರೆ ಬೇಡ. ಶುಗರ್ ಇರುವವರು ಕಾಲಿಗೆ ಯಾವ ಆ್ಯಸಿಡ್ಡನ್ನೂ ಡಾಕ್ಟರಿಗೆ ತೋರಿಸದೆ ಹಚ್ಚಬಾರದು, ಗಾಯ ಆದರೂ ಅವರಿಗೆ ಗೊತ್ತಾಗದೆ ಹೋಗಬಹುದು.

ಕಂಕುಳಿನ ವಾಸನೆಗೆ ಟೋನರ್ ಹಚ್ಚುವುದು ಈಗಿನ ಫ್ಯಾಷನ್. ಚರ್ಮದ ಹುಳಿ ಹೆಚ್ಚಾದರೆ ವಾಸನೆ ತರುವ ಬ್ಯಾಕ್ಟೀರಿಯಾ ಕಡಿಮೆಯಾಗುತ್ತವೆ ಅನ್ನುವುದು ಅದರ ಹಿಂದಿನ ತರ್ಕ. ಬೆವರು ಮಾತ್ರ ಇದರಿಂದ ನಿಲ್ಲುವುದಿಲ್ಲ. ಮಡಿಕೆ ಇರುವ, ಸದಾ ಒದ್ದೆ ಇರುವ ಜಾಗ ಅದು. ನಮ್ಮ ಹವೆಯಲ್ಲಿ ಅಲ್ಲಿ ಬೇಗ ಉರಿ ಏಳುತ್ತದೆ. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಡ.

ಮದುವೆಗೆ ಮೊದಲು ಪೀಲ್ ಮಾಡಿಸುವವರಿಗೆ

ಡಾಕ್ಟರ್ ಹತ್ತಿರ ಮಾಡಿಸುವ ಗ್ಲೈಕಾಲಿಕ್ ಪೀಲ್ 20ರಿಂದ 70 ಶೇಕಡಾ ತನಕ ಇರುತ್ತದೆ. ಕೆಲವು ನಿಮಿಷ ಬಿಟ್ಟು, ಸೋಡಿಯಂ ಬೈಕಾರ್ಬೊನೇಟ್ ದ್ರಾವಣದಿಂದ ಅದರ ಹುಳಿ ತಗ್ಗಿಸಿ, ನೀರಿನಿಂದ ತೊಳೆಯುತ್ತಾರೆ. ಎರಡು ಮೂರು ವಾರಕ್ಕೊಂದರಂತೆ ನಾಲ್ಕಾರು ಸಲ ಮಾಡಿಸಬೇಕಾಗುತ್ತದೆ. ಆದ್ದರಿಂದ ಮೇ ತಿಂಗಳ ಮದುವೆಗೆ ನವೆಂಬರ್, ಡಿಸೆಂಬರಿನಲ್ಲೇ ಶುರು ಮಾಡಬೇಕು. ಮೆಹೆಂದಿಯ ವಾರ ಪಾರ್ಲರಿಗೆ ಓಡಿ "ಒಂದು ಪೀಲ್ ಹಾಕಿ ಬಿಡಿ ಅಕ್ಕ" ಅನ್ನುವುದು ದೊಡ್ಡ ತಪ್ಪು. ಕೊನೆಯ ಪೀಲ್ ಮತ್ತು ಮದುವೆಯ ನಡುವೆ ಕಡಿಮೆ ಅಂದರೆ ಒಂದು ತಿಂಗಳು ಇರಲಿ. ಮನೆಯಲ್ಲಿ ಹಚ್ಚುವ ಕ್ರೀಮನ್ನೂ ಅರಸಿನ ಹಚ್ಚುವ ಒಂದು ವಾರ ಮೊದಲು ನಿಲ್ಲಿಸಿ. ಕ್ರೈಸ್ತರ ಮನೆಯಲ್ಲಿ ಮದುವೆಗೆ ಮೊದಲು ತೆಂಗಿನಹಾಲು ಹಚ್ಚುವ ರೋಸ್ ಶಾಸ್ತ್ರಕ್ಕೂ ಅದೇ ಲೆಕ್ಕ. ಸುಲಿದ ಚರ್ಮದ ಮೇಲೆ ತೆಂಗಿನಹಾಲು, ಎಣ್ಣೆ, ಹತ್ತಾರು ಜನರ ಕೈ ಎಲ್ಲ ಬಿದ್ದರೆ ಮರುದಿನ ಮೇಕಪ್ ಕೂರುವುದಿಲ್ಲ.

ತೊಂದರೆ ಆದರೆ

ಮುಖ ಬಿಗಿದು, ಫೇಸ್‌ವಾಶ್ ಹಾಕಿದರೂ ಉರಿದರೆ, ಎಣ್ಣೆ ಎಣ್ಣೆಯಾಗಿ ಹೊಳೆದರೂ ಒಳಗೆ ಒಣಗಿದ ಹಾಗೆ ಅನ್ನಿಸಿದರೆ ನೀವು ಮಿತಿ ಮೀರಿದ್ದೀರಿ. ಆ್ಯಸಿಡ್, ರೆಟಿನಾಲ್, ವಿಟಮಿನ್ ಸಿ ಎಲ್ಲ ಎತ್ತಿಡಿ. ಎರಡರಿಂದ ನಾಲ್ಕು ವಾರ ಸೌಮ್ಯ ಫೇಸ್‌ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಮೂರೇ. ಏಳುತ್ತಿರುವ ಸಿಪ್ಪೆಯನ್ನು ಕೈಯಿಂದ ಕೀಳಬೇಡಿ.

ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಬಿಡದೆ ತೊಳೆದು ಕಣ್ಣಿನ ಡಾಕ್ಟರಿಗೆ ತೋರಿಸಿ. ಚರ್ಮ ಸುಟ್ಟು ಗುಳ್ಳೆ ಎದ್ದರೆ, ಹಳದಿ ನೀರು ಒಸರಿದರೆ ಟೂತ್‌ಪೇಸ್ಟು, ಅರಸಿನ, ಅಡುಗೆ ಸೋಡಾ ಏನೂ ಹಚ್ಚಬೇಡಿ. ತಣ್ಣೀರು ಹಾಕಿ, ವ್ಯಾಸಲಿನ್ ಸವರಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಹೋಗುವಾಗ ಬಾಟಲಿಯನ್ನೂ, ಜೊತೆಗೆ ಹಚ್ಚುತ್ತಿದ್ದ ಉಳಿದ ಟ್ಯೂಬುಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. ಎಷ್ಟು ಶೇಕಡಾ, ಎಷ್ಟು ಹೊತ್ತು ಮುಖದ ಮೇಲಿತ್ತು ಅನ್ನುವುದೇ ಡಾಕ್ಟರ್ ಮೊದಲು ಕೇಳುವ ಪ್ರಶ್ನೆ.